ಗಿಡುಗ, ಪಾರಿವಾಳ, ಹತ್ತಿಯ ಹುಳ

ಶಾಂತಿಗೆ ಪಾರಿವಾಳವನ್ನು ಗುರುತಾಗಿ ಇಟ್ಟ ಪುಣ್ಯಾತ್ಮರು ಯಾರೇ ಇರಲಿ, ಅವರು ನಮ್ಮ ವಿಜಯಪುರದ ಗೋಳಗುಮ್ಮಟದ ಕಡೆ ಹಾಯ್ದವರಲ್ಲ ಎಂದು ಧೈರ್ಯವಾಗಿ ಹೇಳಬಹುದು. ಮಹಮ್ಮದ ಆದಿಲಶಹನ ಆ ಗೋರಿಯ ನಾಲ್ಕು ಮೂಲೆಗೆ ಏಳೇಳು ಅಂತಸ್ತಿನ ಮಿನಾರುಗಳಿವೆಯಷ್ಟೆ. ಅವುಗಳ ಕಮಾನುಗಳಲ್ಲಿ, ಕಲ್ಲಿನ ಚಾಚುಗಳ ಮೇಲೆ ಪಾರಿವಾಳಗಳ ಸಂಸಾರ. ಮುಂಜಾನೆ ಹೋಗಿ ಹುಲ್ಲಿನ ಮೇಲೆ ಕುಳಿತು ನೋಡಿ. ಒಂದು ಗೇಣು ಜಾಗಕ್ಕಾಗಿ ಎರಡು ಗಂಡುಗಳು ಕೊರಳುಬ್ಬಿಸಿ ಸುತ್ತು ಹಾಕುತ್ತವೆ, ಕುಕ್ಕುತ್ತವೆ, ರೆಕ್ಕೆಯಿಂದ ಕಪಾಳಕ್ಕೆ ಬಾರಿಸುತ್ತವೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯೊಳಗಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಜಗಳ ಇದರ ಮುಂದೆ ಸಪ್ಪೆ.

ಇನ್ನೂ ಸ್ವಲ್ಪ ಹೊತ್ತು ಕುಳಿತರೆ ಬೇರೊಂದು ಸಂಗತಿ ಕಾಣುತ್ತದೆ. ಬಹಳಷ್ಟು ಜಗಳಗಳು ಕೊರಳುಬ್ಬಿಸುವಲ್ಲಿಗೇ ಮುಗಿದುಹೋಗುತ್ತವೆ. ಒಂದು ಹಕ್ಕಿ ಮುಖ ತಿರುಗಿಸಿ ಹಾರುತ್ತದೆ, ಇನ್ನೊಂದು ಗೆದ್ದ ಜಾಗದಲ್ಲಿ ಗುಟುರು ಹಾಕುತ್ತದೆ. ರಕ್ತ ಬರುವವರೆಗೆ ಹೋಗುವುದು ಅಪರೂಪ. ಹಾಗಾದರೆ ಈ ಪ್ರಾಣಿಗಳು ಎಲ್ಲಿ ನಿಲ್ಲಬೇಕೆಂಬುದನ್ನು ಯಾರಿಂದ ಕಲಿತವು? ನಾನು ಓದುವ ಕಾಲಕ್ಕೆ ನಮ್ಮ ಗುರುಗಳು ಇದಕ್ಕೆ ಒಂದೇ ಉತ್ತರ ಹೇಳುತ್ತಿದ್ದರು: ಕುಲದ ಹಿತಕ್ಕಾಗಿ. ಎಲ್ಲ ಗಂಡುಗಳೂ ಕಡಿದಾಡಿ ಸತ್ತರೆ ಕುಲವೇ ನಾಶವಾದೀತೆಂದು ನಿಸರ್ಗ ಹಾಗೆ ಏರ್ಪಡಿಸಿದೆ ಎಂದು. ಕೇಳಲು ಬಹಳ ಚಂದದ ಮಾತು. ಆದರೆ ನೂರು ಸಾಧುಗಳ ನಡುವೆ ಒಬ್ಬ ಪುಂಡ ಹುಟ್ಟಿದರೆ ಎಲ್ಲ ಜಾಗವೂ ಅವನದೇ, ಎಲ್ಲ ಮಕ್ಕಳೂ ಅವನವೇ. ಮುಂದಿನ ತಲೆಮಾರಿನಲ್ಲಿ ಪುಂಡರು ಹತ್ತಾಗುತ್ತಾರೆ. ಕುಲದ ಹಿತವನ್ನು ಕಾಯುವ ಫೌಜದಾರ ನಿಸರ್ಗದಲ್ಲಿ ಯಾರೂ ಇಲ್ಲವಲ್ಲ!

ಈ ಗಂಟು ಬಿಚ್ಚಿದ್ದು 1973ರಲ್ಲಿ. ಇಂಗ್ಲೆಂಡಿನ ಜಾನ್ ಮೇನಾರ್ಡ್ ಸ್ಮಿತ್ ಮತ್ತು ಅಮೆರಿಕದಿಂದ ಲಂಡನ್ನಿಗೆ ಬಂದು ನೆಲೆಸಿದ್ದ ಜಾರ್ಜ್ ಪ್ರೈಸ್ ಎಂಬಿಬ್ಬರು 'ನೇಚರ್' ಪತ್ರಿಕೆಯಲ್ಲಿ ಪ್ರಾಣಿಗಳ ಜಗಳದ ತರ್ಕವನ್ನು ಕುರಿತು ಚಿಕ್ಕದೊಂದು ಲೇಖನ ಬರೆದರು. ಆಟದ ಸಿದ್ಧಾಂತವೆಂಬ ಗಣಿತವನ್ನು ಜೀವವಿಕಾಸಕ್ಕೆ ಜೋಡಿಸಿದ ಬರಹ ಅದು. ಮುಂದೆ ಆ ಲೆಕ್ಕದ ಎರಡು ಪಾತ್ರಗಳಿಗೆ ಗಿಡುಗ ಮತ್ತು ಪಾರಿವಾಳ ಎಂಬ ಹೆಸರು ನಿಂತವು. ಇವು ಹಕ್ಕಿಗಳಲ್ಲ, ವರಸೆಗಳು. ನಮ್ಮ ಕಡೆ ಗರಡಿಮನೆ ಕಂಡವರಿಗೆ ವರಸೆಯೆಂದರೆ ಬಿಡಿಸಿ ಹೇಳಬೇಕಾಗಿಲ್ಲ. ಗಾಯವಾಗುವವರೆಗೆ ಹೊಡೆದಾಡುವುದು ಗಿಡುಗನ ವರಸೆ. ಬರೀ ಕೊರಳುಬ್ಬಿಸಿ, ಎದುರಾಳಿ ಮೈಮೇಲೆ ಬಂದರೆ ಜಾಗ ಬಿಡುವುದು ಪಾರಿವಾಳದ ವರಸೆ. ಒಂದೇ ಜಾತಿಯ ಪ್ರಾಣಿಗಳಲ್ಲಿ ಎರಡೂ ಇರಬಹುದು.

ನಾನು ಇಲ್ಲಿಯ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಹೇಳಿ ನಿವೃತ್ತನಾದವನು. ಪಠ್ಯದಲ್ಲಿ ಇರಲಿ ಬಿಡಲಿ, ಈ ಲೆಕ್ಕವೊಂದನ್ನು ಪ್ರತಿ ವರ್ಷ ಹಲಗೆಯ ಮೇಲೆ ಬಿಡಿಸುತ್ತಿದ್ದೆ. ಓದುಗರೂ ಒಂದು ನಿಮಿಷ ಸಹಿಸಿಕೊಳ್ಳಬೇಕು. ಒಂದು ಜೋಳದ ತೆನೆಗೆ 50 ಅಂಕ ಎನ್ನಿ. ಗಾಯವಾದರೆ 100 ಅಂಕ ಕಳೆಯಬೇಕು. ಎರಡು ಪಾರಿವಾಳಗಳು ಎದುರಾದರೆ ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ, ಸರಾಸರಿ 25. ಗಿಡುಗವೂ ಪಾರಿವಾಳವೂ ಎದುರಾದರೆ ಗಿಡುಗಕ್ಕೆ 50, ಪಾರಿವಾಳಕ್ಕೆ ಸೊನ್ನೆ. ಎರಡು ಗಿಡುಗಗಳು ಎದುರಾದರೆ ಒಂದಕ್ಕೆ ತೆನೆ, ಒಂದಕ್ಕೆ ಗಾಯ. ಸರಾಸರಿ ತೆಗೆದರೆ 25 ಅಂಕ ಲುಕ್ಸಾನು. ಈಗ ಹೇಳಿ, ಯಾವ ವರಸೆ ಒಳ್ಳೆಯದು?

ಹುಡುಗರು ಥಟ್ಟನೆ ಗಿಡುಗ ಎನ್ನುತ್ತಿದ್ದರು, ಹುಡುಗಿಯರು ಹೆಚ್ಚಾಗಿ ಪಾರಿವಾಳ ಎನ್ನುತ್ತಿದ್ದರು. ಪ್ರಶ್ನೆಯೇ ತಪ್ಪು ಎನ್ನುವುದು ಇದರ ಸೊಗಸು. ಸುತ್ತ ಎಲ್ಲ ಪಾರಿವಾಳಗಳಿದ್ದರೆ ಗಿಡುಗವಾಗುವುದು ಲಾಭ. ಸುತ್ತ ಎಲ್ಲ ಗಿಡುಗಗಳಿದ್ದರೆ ಪಾರಿವಾಳವಾಗುವುದು ಲಾಭ. ಸೊನ್ನೆ ಸಿಕ್ಕರೂ ಮೈಮೇಲೆ ಗಾಯವಿಲ್ಲ. ನನ್ನ ವರಸೆಯ ಬೆಲೆಯನ್ನು ನಿಶ್ಚಯಿಸುವವನು ನಾನಲ್ಲ, ನನ್ನ ಸುತ್ತಲಿನವರು. ಈ ಅಂಕಗಳನ್ನು ಹಿಡಿದು ಲೆಕ್ಕ ಮಾಡಿದರೆ ಅರ್ಧ ಗಿಡುಗ, ಅರ್ಧ ಪಾರಿವಾಳ ಆದಾಗ ತಕ್ಕಡಿ ನಿಲ್ಲುತ್ತದೆ. ಅಲ್ಲಿಂದ ಆಚೀಚೆ ಸರಿದರೆ ಮತ್ತೆ ಅಲ್ಲಿಗೇ ಬರುತ್ತದೆ. ಇದಕ್ಕೆ ವಿಕಾಸದಲ್ಲಿ ಸ್ಥಿರವಾದ ವರಸೆ ಎಂದು ಹೆಸರು.

ಆಮೇಲೆ ನಾನು ಸೀಮೆಸುಣ್ಣ ಕೆಳಗಿಟ್ಟು ಕೊನೆಯ ಸಾಲಿನ ಲೆಕ್ಕ ಕೇಳುತ್ತಿದ್ದೆ. ತಕ್ಕಡಿ ನಿಂತ ಆ ಜಾಗದಲ್ಲಿ ಒಬ್ಬೊಬ್ಬರಿಗೆ ಸಿಗುವುದೆಷ್ಟು? ಹನ್ನೆರಡೂವರೆ. ಎಲ್ಲರೂ ಪಾರಿವಾಳವಾಗಿಯೇ ಇದ್ದಿದ್ದರೆ? ಇಪ್ಪತ್ತೈದು. ಅಂದರೆ ಗಟ್ಟಿಯಾಗಿ ನಿಲ್ಲುವ ಸ್ಥಿತಿ ಎಲ್ಲರಿಗೂ ಒಳ್ಳೆಯದಾದ ಸ್ಥಿತಿಯಲ್ಲ, ಅದರ ಅರ್ಧದಷ್ಟು ಮಾತ್ರ. ಇಷ್ಟು ಹೇಳಿ ಸುಮ್ಮನಾದರೆ ತರಗತಿಯಲ್ಲಿ ಒಂದು ಕ್ಷಣ ಸದ್ದಿರುತ್ತಿರಲಿಲ್ಲ. ಒಬ್ಬ ಹುಡುಗ ಎದ್ದು ನಿಂತು, "ಸರ್, ಇಷ್ಟೆಲ್ಲಾ ಲೆಕ್ಕ ಹಕ್ಕಿಗೆ ಹ್ಯಾಂಗ್ ಬರತದ್ರೀ? ನಮಗs ಬರವಲ್ದು" ಎಂದ. ಇಡೀ ತರಗತಿ ನಕ್ಕಿತು. ಆದರೆ ಅವನು ಕೇಳಿದ್ದು ಬಹಳ ಮೂಲದ ಪ್ರಶ್ನೆ. ಹಕ್ಕಿಗೆ ಲೆಕ್ಕ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಯಾವ ವರಸೆಯ ಹಕ್ಕಿ ಹೆಚ್ಚು ಮರಿ ಬಿಟ್ಟುಹೋಯಿತೋ ಆ ವರಸೆ ಮುಂದಿನ ತಲೆಮಾರಿನಲ್ಲಿ ಹೆಚ್ಚಾಗಿ ಕಾಣುತ್ತದೆ. ಲೆಕ್ಕ ಮಾಡುವುದು ಸಾವು. ಮೇನಾರ್ಡ್ ಸ್ಮಿತ್ 1982ರಲ್ಲಿ ಈ ವಿಷಯದ ಮೇಲೆ ಪುಸ್ತಕ ಬರೆದಾಗ, ಮನುಷ್ಯರ ವ್ಯಾಪಾರ ವ್ಯವಹಾರಕ್ಕೆಂದು ಹುಟ್ಟಿದ ಈ ಗಣಿತ ಜೀವಶಾಸ್ತ್ರಕ್ಕೇ ಹೆಚ್ಚು ಸಲೀಸಾಗಿ ಒಗ್ಗಿತೆಂಬ ಸೋಜಿಗವನ್ನು ಆರಂಭದಲ್ಲೇ ತೋಡಿಕೊಂಡಿದ್ದಾರೆ.

ಈ ಇಬ್ಬರು ಲೇಖಕರ ಬಗ್ಗೆಯೂ ಎರಡು ಮಾತು ಹೇಳಬೇಕು. ಮೇನಾರ್ಡ್ ಸ್ಮಿತ್ತರ ಗುರು ಜೆ.ಬಿ.ಎಸ್. ಹಾಲ್ಡೇನ್. 1957ರಲ್ಲಿ ಲಂಡನ್ ಬಿಟ್ಟು ಭಾರತಕ್ಕೆ ಬಂದು, ಧೋತರ ಕುರ್ತಾ ಉಟ್ಟು, ಈ ದೇಶದ ನಾಗರಿಕರಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಮಹಾನುಭಾವ. ಆ ಲೆಕ್ಕದಲ್ಲಿ ಗಿಡುಗ ಪಾರಿವಾಳಗಳು ನಮಗೆ ಅಷ್ಟೇನೂ ದೂರದ ನೆಂಟರಲ್ಲ. ಜಾರ್ಜ್ ಪ್ರೈಸ್ ಕಥೆ ಮಾತ್ರ ಕರುಳು ಹಿಂಡುವಂಥದು. ಮೂಲತಃ ರಸಾಯನಶಾಸ್ತ್ರ ಓದಿದವನು. ಜಿಂಕೆಗಳು ಅಷ್ಟು ದೊಡ್ಡ ಕೊಂಬಿದ್ದೂ ಯಾಕೆ ಮಿತಿಯಲ್ಲಿ ಕಾದಾಡುತ್ತವೆ ಎಂದು ಉದ್ದನೆಯ ಲೇಖನ ಬರೆದು 'ನೇಚರ್'ಗೆ ಕಳಿಸಿದ್ದ. ಅದನ್ನು ಪರಿಶೀಲಿಸಲು ಹೋದದ್ದು ಮೇನಾರ್ಡ್ ಸ್ಮಿತ್ತರ ಕೈಗೆ. ಲೇಖನ ಅಚ್ಚಾಗಲಿಲ್ಲ. ಆದರೆ ಆ ವಿಚಾರ ಮನಸ್ಸಿನಲ್ಲಿ ಕುಳಿತುಬಿಟ್ಟದ್ದರಿಂದ ಸ್ಮಿತ್ ಮುಂದೆ ಪ್ರೈಸನನ್ನು ಹುಡುಕಿ, ಜೊತೆಗೂಡಿ ಬರೆದರು. ಬೇರೆಯವರ ಹೊಳಹನ್ನು ತಮ್ಮದೆಂದು ಹಾಕಿಕೊಳ್ಳುವುದು ವಿದ್ವಾಂಸರ ಲೋಕದಲ್ಲಿ ಬಹಳ ಸಲೀಸು. ಸ್ಮಿತ್ ಹಾಗೆ ಮಾಡಲಿಲ್ಲ. ಪ್ರೈಸನಾದರೋ ಸ್ವಾರ್ಥದ ಗಣಿತವನ್ನು ಬರೆಯುತ್ತ ಬರೆಯುತ್ತ ದೇವರ ಕಡೆ ಹೊರಳಿದ. ಇದ್ದದ್ದನ್ನೆಲ್ಲ ಲಂಡನ್ನಿನ ಬೀದಿಯ ನಿರ್ಗತಿಕರಿಗೆ ಹಂಚಿದ. 1975ರ ಜನವರಿಯಲ್ಲಿ ತಾನೇ ಜೀವ ತೆಗೆದುಕೊಂಡ. ಕೊಡುವುದು ಲಾಭವೋ ನಷ್ಟವೋ ಎಂದು ಲೆಕ್ಕ ಹಾಕಿದವನೇ ಲೆಕ್ಕವಿಲ್ಲದೆ ಕೊಟ್ಟು ಬರಿದಾದದ್ದನ್ನು ನೆನೆದಾಗಲೆಲ್ಲ ನನಗೆ ಒಂದಿಷ್ಟು ಹೊತ್ತು ಮಾತು ಹೊರಡುವುದಿಲ್ಲ.

ಅದಿರಲಿ. ಗಿಡುಗ ಪಾರಿವಾಳಗಳ ಜೊತೆ ಮೂರನೆಯ ವರಸೆಯೊಂದಿದೆ, ಅದು ನಮ್ಮ ಜಿಲ್ಲೆಯ ಜನಕ್ಕೆ ಹೇಳಿ ಮಾಡಿಸಿದ್ದು. ಜಾಗ ನನ್ನದಾಗಿದ್ದರೆ ಗಿಡುಗನಂತೆ ಕಾದುವುದು, ಪರರದಾಗಿದ್ದರೆ ಪಾರಿವಾಳದಂತೆ ಹಿಂದೆ ಸರಿಯುವುದು. ಮೊದಲು ಬಂದವನೇ ಧಣಿ. ಲೆಕ್ಕದಲ್ಲಿ ಇದು ಗಿಡುಗ, ಪಾರಿವಾಳ ಎರಡನ್ನೂ ಹಿಂದೆ ಹಾಕುತ್ತದೆ. ಇಂಗ್ಲೆಂಡಿನ ಕಾಡಿನಲ್ಲಿ ನೆಲದ ಮೇಲೆ ಬೀಳುವ ಬಿಸಿಲಿನ ತುಣುಕುಗಳನ್ನು ಹಿಡಿಯಲು ಒಂದು ಜಾತಿಯ ಪಾತರಗಿತ್ತಿಗಳು ಹೀಗೇ ಮಾಡುತ್ತವೆಂದು ನಿಕ್ ಡೇವಿಸ್ ಎಂಬವರು 1978ರಲ್ಲಿ ಬರೆದರು: ಮೊದಲು ಕುಳಿತದ್ದೇ ಗೆಲ್ಲುತ್ತದೆ, ಬಂದದ್ದು ಎರಡು ಸುತ್ತು ಹಾರಿ ಹೋಗುತ್ತದೆ. ಎರಡೂ ತಾನೇ ಮೊದಲು ಬಂದವನೆಂದು ತಿಳಿದಾಗ ಮಾತ್ರ ಜಗಳ ಉದ್ದವಾಗುತ್ತದೆಯಂತೆ. ಬಬಲೇಶ್ವರದ ಹತ್ತಿರ ನಮ್ಮ ಹಿರಿಯರ ಹೊಲವಿದೆ, ಡೋಣಿ ಸಾಲಿನ ಎರೆಭೂಮಿ. ಅಲ್ಲಿ ನಮ್ಮ ಹೊಲಕ್ಕೂ ಬಾಜೂಕಿನ ಹೊಲಕ್ಕೂ ನಡುವಿನ ಬದು ಮಳೆಗಾಲಕ್ಕೊಮ್ಮೆ ಅರ್ಧ ಮೊಳ ಆಚೆ ಅಥವಾ ಈಚೆ ಸರಿಯುತ್ತಿತ್ತು. ಉತಾರೆಯಲ್ಲಿ ಒಂದು, ನೆಲದ ಮೇಲೆ ಇನ್ನೊಂದು. ಎರಡೂ ಮನೆಯವರು ತಾವೇ ಧಣಿಗಳೆಂದು ತಿಳಿದಿದ್ದರಿಂದ ಆ ಪಾತರಗಿತ್ತಿಗಳ ಜಗಳ ಇಪ್ಪತ್ತು ವರ್ಷ ನಡೆಯಿತು.

ಆಟಗಳೆಲ್ಲ ಜಗಳದವೇ ಆಗಬೇಕೆಂದಿಲ್ಲ. ಹಿಂಗಾರಿ ಜೋಳದ ಬಿತ್ತಿಗೆಯನ್ನೇ ನೋಡಿ. ಉತ್ತರಿ, ಹಸ್ತದ ಹದ ನೋಡಿ ಊರೆಲ್ಲ ಒಂದೇ ವಾರದಲ್ಲಿ ಕೂರಿಗೆ ಹೂಡುತ್ತಿತ್ತು. ಹದವೇ ಅದಕ್ಕೆ ಕಾರಣ, ನಿಜ. ಆದರೆ ಹದ ಮೀರಿ ಒಬ್ಬನೇ ಬೇಗ ಅಥವಾ ತಡವಾಗಿ ಬಿತ್ತಿದರೆ ಏನಾಗುತ್ತಿತ್ತೆಂಬುದು ಸೀತನಿಯ ಕಾಲಕ್ಕೆ ಗೊತ್ತಾಗುತ್ತಿತ್ತು. ಸೀಮೆಯ ಗುಬ್ಬಿ, ಗಿಳಿ, ಕಬ್ಬಕ್ಕಿಗಳೆಲ್ಲ ಅವನೊಬ್ಬನ ಹೊಲಕ್ಕೇ ಇಳಿಯುತ್ತಿದ್ದವು. ಅವನು ಅಟ್ಟ ಹಾಕಿ, ಕವಣೆ ಬೀಸಿ ಬೀಸಿ ರಟ್ಟೆ ಸೋಲುತ್ತಿತ್ತು. ಎಲ್ಲರ ತೆನೆಯೂ ಒಮ್ಮೆಗೇ ಹಾಲುಗಾಳಾದರೆ ಅಷ್ಟೇ ಹಕ್ಕಿಗಳು ನೂರು ಹೊಲಕ್ಕೆ ಹಂಚಿಹೋಗುತ್ತವೆ, ತಲೆಗೆ ನಾಲ್ಕು ತೆನೆ ಹೋದರೆ ಹೋಯಿತು. ಇಲ್ಲಿ ನನ್ನ ಲಾಭವೂ ಊರಿನ ಲಾಭವೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಎಲ್ಲರಂತೆ ಮಾಡಿದರೆ ಸಾಕು, ಯಾರಿಗೂ ಉಪದೇಶ ಬೇಡ. ಇಂಥ ಆಟ ಸಿಕ್ಕ ಊರು ಭಾಗ್ಯವಂತ.

ತಿಕೋಟಾದ ಆಟ ಬೇರೆ. ಅಲ್ಲಿ ನನ್ನ ತಂಗಿಯ ಮನೆ, ದ್ರಾಕ್ಷಿ ತೋಟ. ಅಥಣಿ ರಸ್ತೆಗುಂಟ ಹೋದರೆ ದ್ರಾಕ್ಷಿಯ ಚಪ್ಪರಗಳೂ ಮನೂಕ ಒಣಗಿಸುವ ಶೆಡ್ಡುಗಳೂ ಕಾಣುವ ಸೀಮೆ ಅದು. ತಂಗಿಯ ಗಂಡ ಕೊಳವೆಬಾವಿಯನ್ನು ಐನೂರು ಅಡಿಗೆ ಇಳಿಸಿದ. ಪಕ್ಕದವ ಏಳುನೂರಕ್ಕೆ ಹೋದ. ಇವನು ಸಾಲ ಎತ್ತಿ ಒಂಬೈನೂರಕ್ಕೆ ಹೋದ. ಇಬ್ಬರಿಗೂ ಸಿಕ್ಕದ್ದು ಮೊದಲಿನದೇ ಎರಡಿಂಚು ನೀರು. ಬರ ಬಿದ್ದ ವರ್ಷ ಇಬ್ಬರೂ ಟ್ಯಾಂಕರಿನಿಂದ ನೀರು ಹಾಕಿ ಬಳ್ಳಿ ಉಳಿಸಿಕೊಂಡರು. ಕಾಡಿನಲ್ಲಿ ಮರಗಳು ಮಾಡುವುದೂ ಇದನ್ನೇ. ಎಲ್ಲ ಮರಗಳೂ ಆಳೆತ್ತರಕ್ಕೆ ನಿಲ್ಲಲು ಒಪ್ಪಿದರೆ ಅವಕ್ಕೆ ಬೀಳುವ ಬಿಸಿಲೇನೂ ಕಡಿಮೆಯಾಗುವುದಿಲ್ಲ. ಆದರೆ ಒಂದು ಗೇಣು ಎತ್ತರ ಹೋದದ್ದು ನೆರೆಯದಕ್ಕೆ ನೆರಳು ಮಾಡುತ್ತದೆ, ಆದ್ದರಿಂದ ಅದೂ ಏರಬೇಕು. ನೂರಡಿ ಕಾಂಡವೆಂಬುದು ನೆರೆಯವನ ಭಯಕ್ಕೆ ಕಟ್ಟಿದ ಗೋಪುರ. ನಮ್ಮ ಕೊಳವೆಬಾವಿ ತಲೆಕೆಳಗಾಗಿ ಬೆಳೆದ ಮರ.

ಈ ವಿದ್ಯೆಯಲ್ಲಿ ನಮ್ಮ ಕರ್ನಾಟಕದವರೇ ಮಾಡಿದ ಒಳ್ಳೆಯ ಕೆಲಸವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ ಅವರು ಕಾಗದದ ಗೂಡು ಕಟ್ಟುವ ಒಂದು ಜಾತಿಯ ಕಡಜಗಳನ್ನು ದಶಕಗಳ ಕಾಲ, ಒಂದೊಂದಕ್ಕೂ ಬಣ್ಣದ ಚುಕ್ಕೆ ಇಟ್ಟು ಗುರುತು ಹಿಡಿದು ನೋಡಿದರು. ಒಂದೇ ರಾಣಿ ಮೊಟ್ಟೆ ಇಡುತ್ತದೆ, ಉಳಿದವು ದುಡಿಯುತ್ತವೆ. ಬೇಕೆಂದರೆ ದುಡಿಯುವ ಹೆಣ್ಣೂ ಹೊರಗೆ ಹೋಗಿ ಸ್ವಂತ ಗೂಡು ಕಟ್ಟಬಹುದು. ಹೆಚ್ಚಿನವು ಹೋಗುವುದಿಲ್ಲ ಯಾಕೆ? ಒಂಟಿ ಕಡಜ ನಡುವೆ ಸತ್ತರೆ ಅದರ ಮರಿಗಳೆಲ್ಲ ಹೋದಂತೆ. ತುಂಬಿದ ಗೂಡಿನಲ್ಲಿ ಅರ್ಧ ಸಾಕಿ ಸತ್ತರೂ ಉಳಿದರ್ಧವನ್ನು ಇನ್ನೊಬ್ಬರು ಪೂರೈಸುತ್ತಾರೆ. ಕೂಡುಕುಟುಂಬದಲ್ಲಿ ಸೊಸೆಯಂದಿರು ಯಾಕೆ ಇದ್ದರು ಎಂಬುದಕ್ಕೂ ಇಷ್ಟೇ ಗಟ್ಟಿಯಾದ ಉತ್ತರ ನನಗೆ ಸಿಕ್ಕಿಲ್ಲ. ಇನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೆ.ಎನ್. ಗಣೇಶಯ್ಯ, ಉಮಾಶಂಕರ್ ಮತ್ತು ಅವರ ಜೊತೆಯವರು ನೇರಳೆ ಹಣ್ಣಿನ ಗುಟ್ಟು ಬಿಡಿಸಿದರು. (ಗಣೇಶಯ್ಯನವರನ್ನು ಓದುಗರು ಕಾದಂಬರಿಕಾರರಾಗಿಯೂ ಬಲ್ಲಿರಿ.) ನೇರಳೆಯ ಹೂವಿನೊಳಗೆ ಇಪ್ಪತ್ತಕ್ಕೂ ಮಿಕ್ಕಿ ಅಂಡಕಗಳಿರುತ್ತವೆ, ಹಣ್ಣಿನೊಳಗೆ ನಮಗೆ ಸಿಗುವುದು ಸಾಮಾನ್ಯವಾಗಿ ಒಂದೇ ಬೀಜ. ಮೊದಲು ಬಲಿತ ಬೀಜ ರಾಸಾಯನಿಕ ಸೂಸಿ ಒಡಹುಟ್ಟಿದವುಗಳನ್ನು ಬಸಿರಿನಲ್ಲೇ ಕೊಲ್ಲುತ್ತದೆ. ಸಂತೆಯಲ್ಲಿ ನೇರಳೆ ಹಣ್ಣು ತಿಂದು ನಾಲಿಗೆ ನೀಲಿ ಮಾಡಿಕೊಂಡು ಬರುವ ಮೊಮ್ಮಕ್ಕಳಿಗೆ ಇದನ್ನು ನಾನಿನ್ನೂ ಹೇಳಿಲ್ಲ.

ಒಡಹುಟ್ಟಿದವರ ಮಾತು ಬಂದದ್ದರಿಂದ ನನ್ನ ತಮ್ಮನ ಹತ್ತಿಯ ಕಥೆ ಹೇಳಲೇಬೇಕು. ಬಬಲೇಶ್ವರದ ಹೊಲವನ್ನು ಮಾಡುವವನು ಅವನೇ.

2002ರ ಮಾರ್ಚಿನಲ್ಲಿ ಸರಕಾರ ಬಿಟಿ ಹತ್ತಿಗೆ ಒಪ್ಪಿಗೆ ಕೊಟ್ಟಿತು. ಮಣ್ಣಿನ ಸೂಕ್ಷ್ಮಜೀವಿಯೊಂದರ ಜೀನನ್ನು ಹತ್ತಿಗೆ ಸೇರಿಸಿದ್ದರಿಂದ ಗಿಡ ತಾನೇ ವಿಷ ತಯಾರಿಸುತ್ತದೆ, ಕಾಯಿಕೊರಕ ತಿಂದರೆ ಸಾಯುತ್ತದೆ. ಆದರೆ ಲಕ್ಷಾಂತರ ಹುಳಗಳಲ್ಲಿ ಒಂದೆರಡಾದರೂ ಆ ವಿಷ ಅರಗಿಸಿಕೊಳ್ಳುವಂಥವು ಇದ್ದೇ ಇರುತ್ತವೆ. ಉಳಿದವೆಲ್ಲ ಸತ್ತ ಮೇಲೆ ಇವೇ ತಮ್ಮತಮ್ಮೊಳಗೆ ಕೂಡಿ ಮನೆ ತುಂಬಿಸುತ್ತವೆ. ಅದನ್ನು ತಡೆಯಲು ವಿಜ್ಞಾನಿಗಳು ಒಂದು ಉಪಾಯ ಹೂಡಿದ್ದರು. ಬಿಟಿ ಬೀಜದ ಪಾಕೀಟಿನ ಜೊತೆಗೆ 120 ಗ್ರಾಮಿನ ಸಾದಾ ಬೀಜದ ಪಾಕೀಟು. ಅದನ್ನು ಹೊಲದ ಸುತ್ತ ಐದು ಸಾಲು, ಇಲ್ಲವೆ ಹೊಲದ ಐದರಲ್ಲೊಂದು ಪಾಲು, ಯಾವುದು ಹೆಚ್ಚೋ ಅಷ್ಟು ಬಿತ್ತಬೇಕು. ಆ ಸಾಲುಗಳಲ್ಲಿ ಬಡಪಾಯಿ ಹುಳಗಳು ಬದುಕುತ್ತವೆ. ಗಟ್ಟಿ ಹುಳದ ಪತಂಗ ಹೊರಬಂದಾಗ ಅದಕ್ಕೆ ಸಿಗುವ ಜೋಡಿ ಈ ಬಡಪಾಯಿಯೇ. ಅವುಗಳ ಮರಿ ಬಿಟಿ ತಿಂದರೆ ಹೆಚ್ಚಾಗಿ ಸಾಯುತ್ತದೆ. ಹುಳವನ್ನು ಸೋಲಿಸಲು ಸ್ವಲ್ಪ ಹುಳವನ್ನು ಸಾಕುವುದು! ಹಸಿರು ಕಾಯಿಕೊರಕಕ್ಕೆ ಈ ಸಾಲುಗಳ ಅಗತ್ಯ ಅಷ್ಟಿರಲಿಲ್ಲ. ಅದು ತೊಗರಿ ಕಡಲೆಗಳನ್ನೂ ತಿನ್ನುತ್ತದೆ, ನಮ್ಮ ಜಿಲ್ಲೆಯ ತೊಗರಿ ಹೊಲಗಳೇ ಅದರ ಬಡಪಾಯಿಗಳನ್ನು ಪುಕ್ಕಟೆ ಸಾಕುತ್ತಿದ್ದವು. ಗುಲಾಬಿ ಕಾಯಿಕೊರಕ ಹಾಗಲ್ಲ. ಅದಕ್ಕೆ ಹತ್ತಿಯೇ ಊಟ, ಹತ್ತಿಯೇ ಮನೆ.

ಒಂದು ಮಿರಗದ ಮುಂದೆ ಊರಿಗೆ ಹೋದಾಗ ದನದ ಕೊಟ್ಟಿಗೆಯ ಗೂಡಿನಲ್ಲಿ ಆ ಚಿಕ್ಕ ಪಾಕೀಟುಗಳು ಒಡೆಯದೆ ಬಿದ್ದಿದ್ದವು. ನಾನು ತಮ್ಮನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಮೇಲಿನ ಪಾಠವನ್ನೆಲ್ಲ ಹೇಳಿದೆ. ಅವನು ತಂಬಾಕು ತಿಕ್ಕುತ್ತ ಶಾಂತವಾಗಿ ಕೇಳಿದ.

"ಅಣ್ಣಾ, ನೀ ಹೇಳೂದು ಖರೇ ಐತಿ. ಆದ್ರ ನಾ ಹಚ್ಚಿದ ಐದು ಸಾಲಿನ್ಯಾಗ ಹುಟ್ಟಿದ ಪಾತರಗಿತ್ತಿ ನನ್ನ ಹೊಲದಾಗs ಇರತೈತೇನು? ಊರೆಲ್ಲಾ ಹಾರತೈತಿ. ಎಲ್ಲಾರೂ ಹಚ್ಚಿದ್ರ, ನಾ ಹಚ್ಚದಿದ್ರೂ ನಡೀತೈತಿ. ಯಾರೂ ಹಚ್ಚಲಿಲ್ಲಂದ್ರ, ನಾ ಹಚ್ಚಿದ್ರೂ ನಡ್ಯೂದಿಲ್ಲ. ಮತ್ತ ನಾ ಯಾಕ ಹಚ್ಚಲಿ?"

ಜಾನ್ ನ್ಯಾಶ್ ಎಂಬ ಗಣಿತಜ್ಞ 1950ರಲ್ಲಿ ಎರಡು ಪುಟಗಳೊಳಗೆ ಬರೆದು, 1994ರಲ್ಲಿ ನೊಬೆಲ್ ಪಡೆದ ವಿಚಾರದ ಎದೆಗುಂಡಿಗೆ ಇದು. ನನ್ನ ತಮ್ಮ ಹತ್ತನೆಯ ಇಯತ್ತೆಗೆ ಸಾಲೆ ಬಿಟ್ಟವನು. ಅವನ ಮಾತಿನಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪು ನನಗೆ ಕಾಣಲಿಲ್ಲ. ಅಧಿಕಾರಿಗಳು ರೈತರಿಗೆ ತಿಳಿವಳಿಕೆ ಇಲ್ಲ, ಶಿಬಿರ ನಡೆಸಬೇಕು ಎನ್ನುವುದನ್ನು ಬಹಳ ಕೇಳಿದ್ದೇನೆ. ತಿಳಿವಳಿಕೆ ಇಲ್ಲದ್ದಲ್ಲ, ಇದ್ದದ್ದೇ ತೊಡಕು. ಐದು ಸಾಲಿನ ನಷ್ಟ ಅವನೊಬ್ಬನದು, ಐದು ಸಾಲಿನ ಪುಣ್ಯ ಊರಿನದು.

ದೇಶದ ತುಂಬ ಹತ್ತಿ ಬೆಳೆಯುವವರು ಬಹುಪಾಲು ಇದೇ ಲೆಕ್ಕ ಮಾಡಿದರು. ಅತ್ತ ಹುಳಗಳ ಲೆಕ್ಕವೂ ನಡೆದೇ ಇತ್ತು, ಸಾವು ಮಾಡುವ ಲೆಕ್ಕ. ಗುಜರಾತಿನಲ್ಲಿ ಗುಲಾಬಿ ಹುಳ ಒಂದು ಜೀನಿನ ಬಿಟಿಯನ್ನು ಅರಗಿಸಿಕೊಂಡಿದೆ ಎಂಬ ಸುದ್ದಿ 2010ರಲ್ಲಿ ಬಂತು. ಅಷ್ಟರೊಳಗೆ 2006ರಲ್ಲೇ ಎರಡು ಜೀನಿನ ಹತ್ತಿ ಬಂದಿತ್ತು. 2015ರ ಹೊತ್ತಿಗೆ ಅದನ್ನೂ ಅರಗಿಸಿಕೊಂಡಿತು. ಮುಂದೆ ನಮ್ಮ ಹೊಲಕ್ಕೂ ಬಂತು. ಹೂವು ಬಿಚ್ಚದೆ ಗುಲಾಬಿ ಮೊಗ್ಗಿನಂತೆ ಮುದುಡಿ ನಿಲ್ಲುತ್ತಿತ್ತು. ಹೊರಗಿನಿಂದ ಚೊಕ್ಕ ಕಾಣುವ ಕಾಯಿ ಒಡೆದರೆ ಒಳಗೆ ಕಲೆಬಿದ್ದ ಅರಳೆ, ನಡುವೆ ಗುಲಾಬಿ ಬಣ್ಣದ ಹುಳ ಸುಖವಾಗಿ ಮಲಗಿರುತ್ತಿತ್ತು. ತಮ್ಮ ಆ ವರ್ಷ ಔಷಧ ಹೊಡೆದು ಹೊಡೆದು ಸೊಸೈಟಿಯ ಸಾಲದ ಮೇಲೆ ಅಂಗಡಿಯ ಉದ್ದರಿಯನ್ನೂ ಏರಿಸಿಕೊಂಡ. ಎತ್ತಿನ ಜೋಡಿ ಮಾರಿದ. ನಮ್ಮ ಅವ್ವ ಅದೊಂದು ದಿನ ಉಣಲಿಲ್ಲ.

ಅಮೆರಿಕದ ಅರಿಜೋನಾದಲ್ಲಿ ಇದೇ ಹುಳ, ಇದೇ ಬಿಟಿ. ಅಲ್ಲಿ ಸಾದಾ ಹತ್ತಿಯನ್ನು ನಿಯಮದಂತೆ ಹಚ್ಚಿದರು; ಮೇಲೆ ಗೊಡ್ಡು ಮಾಡಿದ ಪತಂಗಗಳನ್ನು ವಿಮಾನದಿಂದ ಬಿಟ್ಟರು; 2018ರಲ್ಲಿ ಹತ್ತಿ ಬೆಳೆಯುವ ತಮ್ಮ ಸೀಮೆಯಲ್ಲಿ ಗುಲಾಬಿ ಹುಳವೇ ಉಳಿದಿಲ್ಲವೆಂದು ಸಾರಿದರು. ಅವರು ನಮಗಿಂತ ಸಜ್ಜನರೆಂದು ನಾನು ಒಪ್ಪುವುದಿಲ್ಲ. ಅಲ್ಲಿಯ ಹೊಲಗಳು ದೊಡ್ಡವು; ತನ್ನ ಸಾದಾ ಸಾಲಿನಲ್ಲಿ ಹುಟ್ಟಿದ ಪತಂಗ ಎಷ್ಟು ಹಾರಿದರೂ ಬಹಳ ಮಟ್ಟಿಗೆ ತನ್ನ ಹೊಲದಲ್ಲೇ ಇಳಿಯುತ್ತದೆ. ನಮ್ಮಲ್ಲಿ ಒಂದು ಪತಂಗ ರಾತ್ರಿ ಹೊರಟರೆ ಐದು ಅಣ್ಣತಮ್ಮಂದಿರ ಪಾಲು ದಾಟುತ್ತದೆ. ಈಚೆಗೆ ನಮ್ಮಲ್ಲೂ ಸಾದಾ ಬೀಜವನ್ನು ಬಿಟಿಯ ಚೀಲದೊಳಗೇ ಬೆರೆಸಿ ಕೊಡುವ ಪದ್ಧತಿ ಬಂದಿದೆ. ಜನರನ್ನು ತಿದ್ದುವುದಕ್ಕಿಂತ ಆಟದ ನಿಯಮ ತಿದ್ದುವುದು ಜಾಣತನ. ಬರಬೇಕಾದ ಹೊತ್ತಿಗೆ ಬರಲಿಲ್ಲ, ಅಷ್ಟೆ. ಹುಳ ಮೊದಲೇ ಪಾಸಾಗಿತ್ತು.

ಈಗ ಉಳಿದಿರುವ ಮಾರ್ಗಗಳಲ್ಲಿ ಮುಖ್ಯವಾದದ್ದು ಹೊತ್ತಿಗೆ ಸರಿಯಾಗಿ ಬೆಳೆ ಮುಗಿಸುವುದು. ಡಿಸೆಂಬರಿನೊಳಗೆ ಹತ್ತಿ ಬಿಡಿಸಿ, ಗಿಡ ಕಿತ್ತು, ಕಟ್ಟಿಗೆಯನ್ನು ಹೊಲದಲ್ಲಿ ಒಟ್ಟದೆ ಸಾಗಿಸಿದರೆ ಹುಳಕ್ಕೆ ಮುಂದಿನ ಮಳೆಗಾಲದವರೆಗೆ ಊಟವಿರುವುದಿಲ್ಲ. ಮೊದಲು ಬರಗಾಲವೇ ಈ ಕೆಲಸ ಮಾಡುತ್ತಿತ್ತು. ಏತ ನೀರಾವರಿಯ ಕಾಲುವೆಗಳು ಬಂದ ಮೇಲೆ ನೀರು ಕೊಟ್ಟು ಮಾರ್ಚಿನವರೆಗೂ ಹತ್ತಿ ನಿಲ್ಲಿಸಿ ಇನ್ನೊಂದು ಬಿಡಿ ಬಿಡಿಸುವ ಆಸೆ ಹುಟ್ಟಿದೆ. ಮತ್ತೆ ಅದೇ ಆಟ: ನಾನೊಬ್ಬ ಕಿತ್ತರೆ ಒಂದು ಬಿಡಿ ಹತ್ತಿ ಹೋಯಿತು, ಹುಳ ಪಕ್ಕದ ಹೊಲದಲ್ಲಿ ಉಳಿಯಿತು.

ಈ ಸಲ ನಾನು ತಮ್ಮನಿಗೆ ಪಾಠ ಹೇಳಲಿಲ್ಲ. "ಎಷ್ಟು ಮಂದಿ ಕಿತ್ತರ ನೀ ಕೀಳ್ತಿ?" ಎಂದಷ್ಟೇ ಕೇಳಿದೆ. ಅವನು ಬೆರಳು ಮಡಚಿ ಎಣಿಸಿದ. ಹಳ್ಳದ ಈ ದಂಡೆಗೆ ಹತ್ತಿ ಇರುವುದು ಹದಿನಾಲ್ಕು ಮನೆಯವರದು. "ಹನ್ನೆರಡು ಮಂದಿ ಹೂಂ ಅಂದ್ರ ನಾ ತಯ್ಯಾರ. ಆದ್ರ ಬಾಜೂಕಿನಾಂವ ಅದರಾಗ ಇರಬೇಕು" ಎಂದ. ಬದುವಿನ ಜಗಳದ ಬಾಜೂಕಿನವನೇ. ಎರಡು ಸಂಜೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಮಾತಾಯಿತು. ಎಲ್ಲರೂ ತಮ್ಮನ ಮಾತನ್ನೇ ಬೇರೆ ಬೇರೆ ಧಾಟಿಯಲ್ಲಿ ಆಡಿದರು: ಅವರು ಕಿತ್ತರೆ ನಾವು. ಕೊನೆಗೆ ಬಾಜೂಕಿನವನೇ ದಾರಿ ತೆಗೆದ. ಬದುವಿನ ಆಚೆ ತಾನು, ಈಚೆ ನಮ್ಮವನು, ಒಂದೇ ದಿನ, ಒಂದೇ ಸಾಲಿನಿಂದ ಕೀಳುತ್ತ ಹೋಗುವುದು. ಒಬ್ಬ ನಿಂತರೆ ಇನ್ನೊಬ್ಬನೂ ನಿಲ್ಲುವುದು. ಕಣ್ಣಿಗೆ ಕಾಣುತ್ತಿರುತ್ತದಲ್ಲ ಎಂದ.

ಡಿಸೆಂಬರಿನ ಕೊನೆಯ ವಾರ ಹಾಗೇ ಮಾಡಿದರು. ನಾನು ಬದುವಿನ ಬೇವಿನ ಕೆಳಗೆ ಕುಳಿತು ನೋಡಿದೆ. ಮಧ್ಯಾಹ್ನ ಎರಡೂ ಮನೆಯ ಬುತ್ತಿ ಒಂದೇ ನೆರಳಿಗೆ ಬಂತು, ಆದರೂ ಬೆನ್ನಿಗೆ ಬೆನ್ನು ಮಾಡಿ ಉಂಡರು. ಸಂಕ್ರಾಂತಿಯೊಳಗೆ ಹದಿಮೂರು ಹೊಲಗಳು ಖಾಲಿಯಾದವು. ಹದಿನಾಲ್ಕನೆಯದು ಇನ್ನೂ ಹಸಿರಾಗಿ ನಿಂತಿದೆ, ನಮ್ಮಿಂದ ಮೂರು ಹೊಲ ಆಚೆ. ಅದರ ಧಣಿ ಪುಣೆಯಲ್ಲಿ ಕೆಲಸಕ್ಕಿದ್ದಾನೆ, ಪಾಲಿಗೆ ಮಾಡುವವನು ಅವನನ್ನು ಕೇಳದೆ ಕೀಳಲಾರ. ತಮ್ಮ ದಿನಕ್ಕೆರಡು ಸಲ ಫೋನು ಹಚ್ಚುತ್ತಿದ್ದಾನೆ. ಗಂಟೆ ಬಾರಿಸುತ್ತದೆ, ಅವನು ಎತ್ತುವುದಿಲ್ಲ.